1947 ಎಂದು ಬರೆದುಕೊಂಡ ಚಿನ್ನ: ಒಂದು ಮೆಕ್ಸಿಕನ್ ಸೆಂಟೆನಾರಿಯೊ ಪ್ರಕರಣ

ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿರುವ ನಮ್ಮಣ್ಣನ ಮಗ ಒಂದು ಚಿನ್ನದ ನಾಣ್ಯ ಕೊಳ್ಳಲು ಹೊರಟಿದ್ದ. ಮೆಕ್ಸಿಕೊದ 50 ಪೆಸೊ ನಾಣ್ಯ, ಆ ಕಡೆಯವರ ಬಾಯಲ್ಲಿ ಸೆಂಟೆನಾರಿಯೊ. ಇಸವಿ 1947. ಅಂದಿನ ಚಿನ್ನದ ದರದ ಮೇಲೆ ಅಂಗಡಿಯವನು ಶೇ. 18ರಷ್ಟು ಹೆಚ್ಚು ಕೇಳಿದ್ದ. ಅದಕ್ಕೆ ಅವನು ಮೂರು ಕಾರಣ ಹೇಳಿದ್ದನಂತೆ. ಒಂದು, 1947ರಲ್ಲಿ ಟಂಕಿಸಿದ್ದು ಬರೀ 3,09,000 ನಾಣ್ಯ. ಎರಡು, ಇದರ ಮೇಲೆ ರೀಸ್ಟ್ರೈಕ್ (ಹಳೆಯ ಇಸವಿಯನ್ನೇ ಹಾಕಿ ಆಮೇಲೆ ಮರು ಟಂಕಿಸಿದ್ದು) ಎಂದು ತೋರಿಸುವ ಯಾವ ಗುರುತೂ ಇಲ್ಲ, ಹಾಗಾಗಿ ಇದು ಮೂಲ ನಾಣ್ಯ. ಮೂರು, ಇದು ನಿಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದ್ದು, ಅಂಚಿನ ಮೇಲೆ ‘ಸ್ವಾತಂತ್ರ್ಯ ಮತ್ತು ವಿಮೋಚನೆ’ ಎಂದೇ ಬರೆದಿದೆ, ನೋಡಿ.

ಮೂರನೆಯ ಕಾರಣಕ್ಕೆ ಹುಡುಗ ಅರ್ಧ ಸೋತಿದ್ದ. ಅವನ ತಾತ, ಅಂದರೆ ನಮ್ಮಪ್ಪ, ಹುಟ್ಟಿದ್ದೂ ಅದೇ ವರ್ಷ. ವ್ಯಾಪಾರಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೆ ಶೇ. 25 ಕೇಳುತ್ತಿದ್ದನೇನೋ.

ಲೆಕ್ಕ ಹಾಕಿದರೆ ಈ ಹೆಚ್ಚುವರಿ ಸಣ್ಣದಲ್ಲ. ಸೆಂಟೆನಾರಿಯೊದಲ್ಲಿ 37.5 ಗ್ರಾಂ ಅಪ್ಪಟ ಚಿನ್ನವಿದೆ. ಅದರ ಶೇ. 18 ಅಂದರೆ 6.75 ಗ್ರಾಂ. ಒಂದು ಪವನಿನಲ್ಲಿ ಎಷ್ಟು ಚಿನ್ನ ಇರುತ್ತದೋ ಹೆಚ್ಚುಕಡಿಮೆ ಅಷ್ಟನ್ನು ಬರೀ ‘1947’ ಎಂಬ ನಾಲ್ಕು ಅಂಕಿಗಳಿಗೆ ಕೊಡಬೇಕು. ಹಾಗೆ ಕೊಡುವುದಕ್ಕೆ ಆ ನಾಲ್ಕು ಅಂಕಿಗಳು ನಿಜ ಹೇಳುತ್ತಿವೆಯೇ ಎಂಬುದೇ ಇಲ್ಲಿಯ ಪ್ರಶ್ನೆ.

ಅಸಲಿಯೋ ನಕಲಿಯೋ ಎಂಬುದನ್ನು ಮೊದಲು ಮುಗಿಸಿಕೊಂಡೆವು, ಏಕೆಂದರೆ ಅದು ಸುಲಭದ ಭಾಗ. ನಿಯಮದ ಪ್ರಕಾರ ನಾಣ್ಯದ ತೂಕ 41.6666 ಗ್ರಾಂ, ಅಡ್ಡಳತೆ 37 ಮಿಲಿಮೀಟರ್, ನೂರಕ್ಕೆ 90 ಚಿನ್ನ, ಉಳಿದದ್ದು ತಾಮ್ರ. ನಮ್ಮ ಲೆಕ್ಕದಲ್ಲಿ 21.6 ಕ್ಯಾರೆಟ್, 916ಕ್ಕಿಂತ ಒಂದು ಕೂದಲು ಕೆಳಗೆ. ಅಂಗಡಿಯ ತಕ್ಕಡಿಯಲ್ಲಿ ಅದು 41.65 ತೂಗಿತು. ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿದಾಗ 2.42 ಗ್ರಾಂ ಹಗುರವಾಯಿತು. ಭಾಗಿಸಿದರೆ 17.2. ಚಿನ್ನ-ತಾಮ್ರದ ಈ ಮಿಶ್ರಣಕ್ಕೆ ಬರಬೇಕಾದ ಸಾಂದ್ರತೆ ಅದೇ. ಅಂಚಿನಲ್ಲಿ ‘ಇಂಡಿಪೆಂಡೆನ್ಸಿಯಾ ಇ ಲಿಬೆರ್ತಾದ್’ ಅಕ್ಷರಗಳು ಒಳಕ್ಕೆ ಒತ್ತಿದಂತೆ, ಚೂಪಾಗಿ ಇದ್ದವು. ಮೆಕ್ಸಿಕೊದ 2 ಪೆಸೊ, 2.5 ಪೆಸೊಗಳಂಥ ಪುಟ್ಟ ನಾಣ್ಯಗಳಲ್ಲಿ ಕಡಿಮೆ ಕ್ಯಾರೆಟ್‌ನ ಒಡವೆ ನಕಲುಗಳು ಬೇಕಾದಷ್ಟಿವೆ, ಸರಕ್ಕೆ ಪದಕವಾಗಿ ಹಾಕಿಕೊಳ್ಳುವಂಥವು. ಇದು ಅಂಥದ್ದಲ್ಲ. ಚಿನ್ನ ಚಿನ್ನವೇ, ಟಂಕಸಾಲೆ ಸರ್ಕಾರದ್ದೇ. ಅಲ್ಲಿಗೆ ಚಿನಿವಾರನ ಕೆಲಸ ಮುಗಿಯಿತು.

ಇಸವಿಯ ವಿಚಾರಕ್ಕೆ ಬಂದಾಗ ಅವನು ಫೋನಿನಲ್ಲಿ ಕೇಳಿದ: “ಚಿಕ್ಕಪ್ಪ, ಇದ್ರಲ್ಲಿ ಮಿಂಟ್ ಮಾರ್ಕೇ ಇಲ್ವಲ್ಲ. ಬೇರೆ ಕಡೆ ಮರು ಟಂಕಿಸಿದ್ರೆ ಏನಾದ್ರೂ ಗುರುತು ಹಾಕ್ತಿದ್ರು ತಾನೆ?”

ಪ್ರಶ್ನೆ ಸಹಜವಾದದ್ದು. ನಮ್ಮ ಚಿಲ್ಲರೆಯನ್ನೇ ನೋಡಿ ಬೆಳೆದವರಿಗೆ ಅದು ಹೊಳೆಯಲೇಬೇಕು. ಇಸವಿಯ ಕೆಳಗೆ ಪುಟ್ಟ ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇಲ್ಲಿ ಗುರುತು ಇಲ್ಲದಿರುವುದೂ ಒಂದು ಗುರುತು. ಆದರೆ ಈ ಸೂತ್ರವನ್ನು ಹಿಡಿದುಕೊಂಡು ಸೆಂಟೆನಾರಿಯೊ ಹತ್ತಿರ ಹೋದರೆ ದಾರಿ ತಪ್ಪುತ್ತದೆ.

ಮೆಕ್ಸಿಕೊದಲ್ಲೂ ಟಂಕಸಾಲೆ ಗುರುತುಗಳಿಗೆ ದೊಡ್ಡ ಕಾಲವೊಂದಿತ್ತು. ಮೆಕ್ಸಿಕೊ ನಗರದ ಟಂಕಸಾಲೆಯ ಸ್ಥಾಪನೆಗೆ ಸ್ಪೇನ್ ದೊರೆಯ ಆಜ್ಞೆ ಹೊರಟಿದ್ದು 1535ರಲ್ಲಿ. ಅಮೆರಿಕ ಖಂಡಗಳಲ್ಲೇ ಅದು ಅತಿ ಹಳೆಯದು. ಅದರ ಗುರುತು ‘ಎಂ’ ಅಕ್ಷರ, ತಲೆಯ ಮೇಲೆ ಸಣ್ಣದೊಂದು ‘ಒ’. ಹತ್ತೊಂಬತ್ತನೇ ಶತಮಾನದಲ್ಲಿ ಸ್ವಾತಂತ್ರ್ಯ ಹೋರಾಟದ ಗದ್ದಲ ಶುರುವಾಗಿ ದಾರಿಗಳು ಅಪಾಯಕಾರಿಯಾದವು. ಗಣಿಯಿಂದ ರಾಜಧಾನಿಗೆ ಬೆಳ್ಳಿ-ಚಿನ್ನ ಸಾಗಿಸುವುದೇ ಕಷ್ಟವಾಯಿತು. ಹಾಗಾಗಿ ಗಣಿ ಇದ್ದ ಊರುಗಳಲ್ಲೇ ಟಂಕಸಾಲೆಗಳು ಎದ್ದವು. ಗ್ವಾನಹ್ವಾತೊ, ಸಕಾತೇಕಸ್, ದುರಾಂಗೊ, ಗ್ವಾದಲಹಾರ, ಕುಲಿಯಕಾನ್, ಚಿವಾವಾ, ಅಲಾಮೋಸ್, ಎರ್ಮೊಸಿಯೊ, ಓಹಾಕ, ಸ್ಯಾನ್ ಲೂಯಿಸ್ ಪೊಟೊಸಿ. ಗ್ವಾದಲೂಪೆ ಇ ಕಾಲ್ವೊ ಎಂಬ ಬೆಟ್ಟದೂರಿನದು 1844ರಿಂದ 1852ರವರೆಗೆ ಮಾತ್ರ ಬದುಕಿತ್ತು. ಒಂದೊಂದಕ್ಕೂ ಒಂದೊಂದು ಗುರುತು.

ಆ ಕಾಲದ 8 ಎಸ್ಕುದೊ ಚಿನ್ನದ ನಾಣ್ಯವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಒಂದು ಬದಿಯಲ್ಲಿ ಹದ್ದು. ಇನ್ನೊಂದು ಬದಿಯಲ್ಲಿ ತೆರೆದ ಪುಸ್ತಕ, ಅದರ ಮೇಲೆ ಕೋಲು ಹಿಡಿದ ಒಂದು ಕೈ, ಕೋಲಿನ ತುದಿಯಲ್ಲಿ ಸ್ವಾತಂತ್ರ್ಯದ ಟೋಪಿ. ಪುಸ್ತಕ ಕಾನೂನಿನದು. ಸುತ್ತಲೂ ‘ಕಾನೂನಿನಲ್ಲಿದೆ ಸ್ವಾತಂತ್ರ್ಯ’ ಎಂಬ ಅರ್ಥದ ಸ್ಪ್ಯಾನಿಷ್ ಸಾಲು. ಸಾಲು ಮುಗಿದ ಮೇಲೆ ಬರುವುದು ನಿಜವಾದ ಜಾತಕ: ಮೊದಲು ‘8 ಇ’ ಎಂದು ಮುಖಬೆಲೆ, ಬಳಿಕ ಟಂಕಸಾಲೆಯ ಗುರುತು, ಬಳಿಕ ಇಸವಿ, ಅದರ ಪಕ್ಕ ಚಿನ್ನ ಪರೀಕ್ಷಿಸಿದ ಅಧಿಕಾರಿಗಳ ಹೆಸರಿನ ಮೊದಲಕ್ಷರಗಳು, ಕೊನೆಗೆ ‘21 ಕ್ಯೂಎಸ್’, ಅಂದರೆ 21 ಕ್ಯಾರೆಟ್. ‘ಜಿಒ’ ಮತ್ತು ‘ಪಿಎಫ್’ ಎಂದು ಒಟ್ಟಿಗೆ ಕಂಡರೆ ಗ್ವಾನಹ್ವಾತೊದಲ್ಲಿ ಟಂಕಿಸಿದ್ದು, ಪರೀಕ್ಷಕರು ಇಂಥವರು ಎಂದು ಲೆಕ್ಕ. ಚಿನ್ನ ಕಡಿಮೆ ಬಿದ್ದರೆ ಯಾರ ಕೊರಳಪಟ್ಟಿ ಹಿಡಿಯಬೇಕು ಎಂಬುದನ್ನು ನಾಣ್ಯವೇ ಹೇಳುತ್ತಿತ್ತು. ಇಂಥ ನಾಣ್ಯಗಳಲ್ಲಿ ಗುರುತಿನ ಮೇಲೆಯೇ ಬೆಲೆ ನಿಂತಿರುವುದು ನ್ಯಾಯ. ಒಂದೇ ವರ್ಷ, ಒಂದೇ ತೂಕ, ಊರು ಬೇರೆಯಾದರೆ ಬೆಲೆ ಬೇರೆ.

1905 ಬರುವ ಹೊತ್ತಿಗೆ ಈ ಶಾಖೆಗಳೆಲ್ಲ ಒಂದೊಂದಾಗಿ ಬಾಗಿಲು ಹಾಕಿದ್ದವು. ಕೊನೆಯವಾಗಿ ಉಳಿದಿದ್ದ ಸಕಾತೇಕಸ್, ಕುಲಿಯಕಾನ್‌ಗಳೂ ಆ ವರ್ಷ ಮುಚ್ಚಿದವು. ಅದೇ ವರ್ಷ ಪೋರ್ಫಿರಿಯೊ ದಿಯಾಸ್ ಸರ್ಕಾರದ ಹಣಕಾಸು ಸಚಿವ ಲಿಮಾಂತೂರ್ ನಾಣ್ಯ ಸುಧಾರಣೆ ತಂದು, ಒಂದು ಪೆಸೊ ಅಂದರೆ 0.75 ಗ್ರಾಂ ಅಪ್ಪಟ ಚಿನ್ನ ಎಂದು ಕಟ್ಟು ಹಾಕಿದ. 50 ಪೆಸೊಗೆ 37.5 ಗ್ರಾಂ ಬಂದಿದ್ದು ಆ ಗುಣಾಕಾರದಿಂದಲೇ.

“ಗುರುತು ಹಾಕೋಕೆ ಅಲ್ಲಿ ಎರಡನೇ ಟಂಕಸಾಲೆನೇ ಇರ್ಲಿಲ್ಲ ಕಣೋ,” ಎಂದೆ. ಹೊಸದೂ ಹಳೆಯದೂ ಒಂದೇ ಸಂಸ್ಥೆಯ ಅಚ್ಚಿನಿಂದ ಬಂದಿರುವಾಗ, ಗುರುತು ಇಲ್ಲ ಎಂಬುದು ಯಾವುದಕ್ಕೂ ಸಾಕ್ಷಿಯಾಗುವುದಿಲ್ಲ. ಮೂಲ ನಾಣ್ಯದಲ್ಲೂ ಅದು ಇಲ್ಲ, ಮರುಟಂಕದಲ್ಲೂ ಇಲ್ಲ. ಅಂಗಡಿಯವನ ಎರಡನೆಯ ಕಾರಣ ಅಲ್ಲಿಗೆ ಬಿದ್ದುಹೋಯಿತು.

ಇಂದಿನ ಮೆಕ್ಸಿಕೊ ನಾಣ್ಯಗಳಲ್ಲಿ ಗುರುತು ಇದ್ದರೂ ಅದು ಊರಿನ ಹೆಸರು ಹೇಳುವುದಿಲ್ಲ ಎಂಬುದು ಇನ್ನೊಂದು ತಮಾಷೆ. 1983ರಲ್ಲಿ ಟಂಕಸಾಲೆಯ ಹೊಸ ಕಾರ್ಖಾನೆ ಸ್ಯಾನ್ ಲೂಯಿಸ್ ಪೊಟೊಸಿಯಲ್ಲಿ ಶುರುವಾಯಿತು, ಈಗ ಟಂಕನ ನಡೆಯುವುದು ಅಲ್ಲೇ. ಹತ್ತೊಂಬತ್ತನೇ ಶತಮಾನದಲ್ಲಿ ಆ ಊರಿಗೆ ‘ಪಿಐ’ ಎಂಬ ಸ್ವಂತ ಗುರುತಿತ್ತು. ಈಗ ಅಲ್ಲಿ ತಯಾರಾಗುವ ಲಿಬೆರ್ತಾದ್ ಎಂಬ ಚಿನ್ನ-ಬೆಳ್ಳಿ ನಾಣ್ಯಗಳ ಮೇಲೆ ಇರುವುದು ರಾಜಧಾನಿಯ ಹಳೆಯ ‘ಎಂ’ ಮತ್ತು ತಲೆಯ ಮೇಲಿನ ‘ಒ’. ಊರಿನ ಗುರುತಾಗಿದ್ದದ್ದು ಸಂಸ್ಥೆಯ ಮುದ್ರೆಯಾಗಿದೆ.

ಉಳಿದದ್ದು 3,09,000ದ ಲೆಕ್ಕ. ಆ ಸಂಖ್ಯೆ ಸುಳ್ಳಲ್ಲ, ಕ್ಯಾಟಲಾಗ್‌ಗಳಲ್ಲಿ ಹಾಗೆಯೇ ಇದೆ. 1944ರಲ್ಲಿ 5,93,000, 1945ರಲ್ಲಿ 10,12,000, 1946ರಲ್ಲಿ 15,88,000, 1947ರಲ್ಲಿ 3,09,000. ಈ ನಾಲ್ಕರಲ್ಲಿ ಅದೇ ಚಿಕ್ಕದು. ಆದರೆ ಅದರ ಕೆಳಗೇ ಒಂದು ಟಿಪ್ಪಣಿ ಇರುತ್ತದೆ, ಅಂಗಡಿಯವನು ಅದನ್ನು ಓದಿ ಹೇಳಲಿಲ್ಲ. 1949ರಿಂದ 1972ರ ನಡುವೆ 39,75,654 ಸೆಂಟೆನಾರಿಯೊಗಳನ್ನು ಮತ್ತೆ ಟಂಕಿಸಲಾಯಿತು, ಅವುಗಳ ಮೇಲೂ ಇದ್ದದ್ದು ಬಹುಪಾಲು 1947 ಎಂಬ ಇಸವಿಯೇ. ಎರಡನ್ನೂ ಕೂಡಿಸಿ ನೋಡಿದರೆ, 1947 ಎಂದು ಬರೆದ ಹದಿನಾಲ್ಕು ನಾಣ್ಯದಲ್ಲಿ ಒಂದು ಮಾತ್ರ ನಿಜವಾಗಿ ಆ ವರ್ಷ ಹುಟ್ಟಿದ್ದು. ಆಮೇಲೆ 1996ರಲ್ಲಿ ಮತ್ತೊಂದು ಸುತ್ತು ನಡೆದದ್ದು ಬೇರೆ.

ಟಂಕಸಾಲೆ ಹೀಗೆ ಇಸವಿಯನ್ನು ಏಕೆ ನಿಲ್ಲಿಸಿಬಿಟ್ಟಿತು? ಮೋಸದ ಉದ್ದೇಶ ಇತ್ತೆಂದು ನನಗೆ ಅನಿಸುವುದಿಲ್ಲ. ನಾಣ್ಯದ ಮುಖಬೆಲೆಯ ಕತೆಯನ್ನು ಹಿಡಿದು ಹೋದರೆ ಕಾರಣ ಕಾಣಿಸುತ್ತದೆ.

1921ರಲ್ಲಿ, ಸ್ವಾತಂತ್ರ್ಯ ಕೈಗೂಡಿ ನೂರು ವರ್ಷವಾದ ನೆನಪಿಗೆ ಇದನ್ನು ಹೊರತಂದಾಗ, ಅದು ನಿಜವಾಗಿಯೂ 50 ಪೆಸೊ ನಾಣ್ಯ. ಒಂದು ಔನ್ಸ್ ಚಿನ್ನಕ್ಕೆ 20.67 ಡಾಲರ್, ಒಂದು ಡಾಲರಿಗೆ ಹತ್ತಿರಹತ್ತಿರ ಎರಡು ಪೆಸೊ. ಒಳಗಿನ ಚಿನ್ನದ ಬೆಲೆಯೂ ಮೇಲಿನ ಬರಹವೂ ತಾಳೆಯಾಗುತ್ತಿದ್ದವು. 1931ರ ಹಣಕಾಸು ಕಾನೂನು ಚಿನ್ನದ ನಾಣ್ಯವನ್ನು ಚಲಾವಣೆಯಿಂದ ಕಿತ್ತುಹಾಕಿತು. ಸೆಂಟೆನಾರಿಯೊ ಟಂಕನವೂ ಆ ವರ್ಷಕ್ಕೆ ನಿಂತಿತು. 1943ರಲ್ಲಿ ಅದು ಮತ್ತೆ ಶುರುವಾದಾಗ ಚಿನ್ನ 35 ಡಾಲರ್, ಡಾಲರಿಗೆ 4.85 ಪೆಸೊ. ಲೆಕ್ಕ ಮಾಡಿ ನೋಡಿ: ಒಳಗಿನ ಚಿನ್ನವೇ ಸುಮಾರು 205 ಪೆಸೊ ಬಾಳುತ್ತಿತ್ತು. ಅದರ ಮೇಲೆ 50 ಎಂದು ಬರೆದರೆ ಯಾರು ನಂಬುತ್ತಾರೆ?

1943ರ ನಾಣ್ಯದಲ್ಲಿ ಅದಕ್ಕೇ ‘50 ಪೆಸೊ’ ಎಂಬುದೇ ಇಲ್ಲ. ಆ ಜಾಗದಲ್ಲೂ ‘37.5 ಗ್ರಾಂ ಅಪ್ಪಟ ಚಿನ್ನ’ ಎಂದೇ ಇದೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ. ಇಡೀ ಸರಣಿಯಲ್ಲಿ ನನಗೆ ಮೆಚ್ಚುಗೆಯಾಗುವ ನಾಣ್ಯ ಇದು. ತಾನು ಏನು ಎಂಬುದನ್ನು ಸುತ್ತುಬಳಸಿಲ್ಲದೆ ಹೇಳುತ್ತದೆ. ಟಂಕಿಸಿದ್ದು 89,000 ಮಾತ್ರ. ಆದರೆ 1944ಕ್ಕೆ ‘50 ಪೆಸೊ’ ಮತ್ತೆ ಬಂದು ಕೂತಿತು, ಇಂದಿಗೂ ಕೂತೇ ಇದೆ. 1954ರಲ್ಲಿ ಡಾಲರಿಗೆ 12.50 ಪೆಸೊ ಆದ ಮೇಲಂತೂ ಒಳಗಿನ ಚಿನ್ನದ ಬೆಲೆ 527 ಪೆಸೊ ದಾಟಿತ್ತು.

ಮುಖಬೆಲೆಯೇ ಅಲಂಕಾರಕ್ಕೆ ಉಳಿದ ಮೇಲೆ ಇಸವಿ ಮಾತ್ರ ಏಕೆ ಕೆಲಸ ಮಾಡಬೇಕು? ಈ ನಾಣ್ಯ ಇನ್ನು ಸಂತೆಗೆ ಹೋಗುವ ದುಡ್ಡಲ್ಲ, ತೂಕ ಖಾತ್ರಿಯಾದ ಚಿನ್ನದ ಬಿಲ್ಲೆ. ಬಿಲ್ಲೆ ಕೊಳ್ಳುವವನಿಗೆ ಪ್ರತಿಸಲವೂ ಒಂದೇ ಮುಖ ಕಾಣಬೇಕು. ವರ್ಷವರ್ಷ ಇಸವಿ ಬದಲಾದರೆ ಈ ವರ್ಷದ್ದು ಕಡಿಮೆ, ಆ ವರ್ಷದ್ದು ಜಾಸ್ತಿ ಎಂಬ ಚೌಕಾಸಿ ಹುಟ್ಟುತ್ತದೆ. ಇಸವಿ ನಿಲ್ಲಿಸಿದರೆ ಅದಿಲ್ಲ. ಈ ದೃಷ್ಟಿಯಿಂದ ನೋಡಿದರೆ ಅವರು ಮಾಡಿದ್ದು ಪ್ರಾಮಾಣಿಕ ಕೆಲಸವೇ. ಚೌಕಾಸಿಯನ್ನು ಮತ್ತೆ ಒಳಕ್ಕೆ ತಂದದ್ದು ಮಾರುವವರು.

ಇಸವಿ ನಿಲ್ಲಿಸಿದ್ದರ ಹಿಂದೆ ಅಮೆರಿಕದ ಕಾನೂನು ತಪ್ಪಿಸುವ ಉಪಾಯ ಇತ್ತು ಎಂದು ಹೇಳುವವರೂ ಇದ್ದಾರೆ. ಅಮೆರಿಕದಲ್ಲಿ 1933ರಿಂದ ಖಾಸಗಿಯವರು ಚಿನ್ನ ಇಟ್ಟುಕೊಳ್ಳುವುದಕ್ಕೆ ನಿರ್ಬಂಧವಿತ್ತು, ಅದು ತೆರವಾದದ್ದು 1974ರ ಕೊನೆಯ ದಿನ. ನಡುವೆ 1954ರಲ್ಲಿ, 1933ರ ಏಪ್ರಿಲ್ 5ಕ್ಕೂ ಹಿಂದಿನ ಚಿನ್ನದ ನಾಣ್ಯಗಳನ್ನೆಲ್ಲ ಸಂಗ್ರಹಯೋಗ್ಯ ಎಂದು ಪರಿಗಣಿಸಿ ಬಿಟ್ಟರು. 1915 ಎಂದು ಬರೆದುಕೊಂಡು ಮರುಟಂಕವಾಗುವ ಆಸ್ಟ್ರಿಯದ 100 ಕೊರೋನ ನಾಣ್ಯದ ಮೇಲೆ ಈ ಅನುಮಾನ ಬಂದರೆ ಅರ್ಥವಿದೆ. ಮೆಕ್ಸಿಕೊ ಆರಿಸಿಕೊಂಡ ಇಸವಿಗಳನ್ನು ನೋಡಿ: 2 ಮತ್ತು 2.5 ಪೆಸೊಗೆ 1945, 5 ಪೆಸೊಗೆ 1955, 10 ಮತ್ತು 20 ಪೆಸೊಗೆ 1959, 50ಕ್ಕೆ 1947. ಒಂದೂ ಆ ಗಡುವಿನ ಹಿಂದಿನದಲ್ಲ. ಕಾನೂನಿನ ಕಣ್ಣಿಗೆ ಮಣ್ಣೆರಚುವ ಆಸೆ ಇದ್ದಿದ್ದರೆ 1921 ಎಂದೇ ಹಾಕಿಕೊಂಡಿರುತ್ತಿದ್ದರು. ಅಚ್ಚು ಅವರದ್ದೇ ಆಗಿತ್ತು.

ಹಳೆಯ ಇಸವಿಯಲ್ಲಿ ಟಂಕಿಸುವುದು ನಮಗೂ ಹೊಸದಲ್ಲ. ಆಸ್ಟ್ರಿಯದ ಮರಿಯಾ ತೆರೇಸಾ ಬೆಳ್ಳಿ ಥಾಲರ್ ಯಾವಾಗ ಟಂಕಿಸಿದರೂ ಅದರ ಮೇಲೆ 1780 ಎಂದೇ ಇರುತ್ತದೆ. ಆಫ್ರಿಕದ ಯುದ್ಧದ ಅಗತ್ಯಕ್ಕೆಂದು 1940-41ರಲ್ಲಿ ಅದನ್ನು ನಮ್ಮ ಬಾಂಬೆ ಟಂಕಸಾಲೆಯಲ್ಲೂ ಹೊಡೆದರು.

ಇನ್ನು ಅವನ ಕೈಯಲ್ಲಿದ್ದ ನಾಣ್ಯದ ಮೈ. ಅವನು ಕಳಿಸಿದ ಫೋಟೊಗಳಲ್ಲಿ ರೆಕ್ಕೆಯ ದೇವತೆ ಬಲಗೈಯಲ್ಲಿ ಎಲೆಗಳ ಮಾಲೆ ಎತ್ತಿ ಹಿಡಿದಿದ್ದಾಳೆ, ಎಡಗೈಯಲ್ಲಿ ಹರಿದ ಸರಪಳಿ. ಹಿಂದೆ ಪೊಪೊಕಾತೆಪೆತ್ಲ್, ಇಸ್ತಾಸಿವಾತ್ಲ್ ಜ್ವಾಲಾಮುಖಿಗಳು. ಕೆಳಗೆ ಎಡಕ್ಕೆ 1821, ಬಲಕ್ಕೆ 1947. ಖಾಲಿ ಜಾಗದಲ್ಲಿ ಒಳ್ಳೆಯ ಹೊಳಪಿದೆ, ರೆಕ್ಕೆಯ ಗರಿಗಳು ಸವೆದಿಲ್ಲ, ಅಂಚಿನಲ್ಲಿ ಒಂದೆರಡು ತಗ್ಗು. ನಾಣ್ಯಗಳನ್ನು ಚೀಲದಲ್ಲಿ ಒಟ್ಟಿಗೆ ಹಾಕಿದಾಗ ಬೀಳುವಂಥವು. 1996ರ ಮರುಟಂಕಗಳ ಮೈ ಮಂಕು, ಹೊಳಪಿಲ್ಲ. ಆದ್ದರಿಂದ ಇದು ಆ ಸುತ್ತಿನದಲ್ಲ ಎನ್ನಬಹುದು. ಅಷ್ಟೇ. ಹೊಳಪು ಇರುವುದರಿಂದ 1947ರದ್ದೇ ಎಂದು ಹೇಳಲಾಗದು. 1950ರದ್ದೂ ಹೀಗೇ ಹೊಳೆಯುತ್ತದೆ, 1970ರದ್ದೂ ಹೊಳೆಯುತ್ತದೆ. ಸಾಕ್ಷ್ಯ ಒಂದು ಬಾಗಿಲು ಮುಚ್ಚುತ್ತದೆ, ಇನ್ನೊಂದನ್ನು ತೆರೆಯುವುದಿಲ್ಲ.

ಆ ದೇವತೆಯ ಬಗ್ಗೆ ಒಂದು ಮಾತು. ಮೆಕ್ಸಿಕೊ ನಗರದ ರಿಫಾರ್ಮಾ ರಸ್ತೆಯಲ್ಲಿ 1910ರಲ್ಲಿ ಉದ್ಘಾಟನೆಯಾದ ಸ್ವಾತಂತ್ರ್ಯ ಸ್ತಂಭದ ತುದಿಯಲ್ಲಿ ನಿಂತಿರುವವಳು ಇವಳೇ. 1957ರ ಜುಲೈ ಭೂಕಂಪದಲ್ಲಿ ಆ ಪ್ರತಿಮೆ ಕೆಳಗೆ ಬಿದ್ದು ಒಡೆಯಿತು. ರಿಪೇರಿಯಾಗಿ ಮೇಲೇರಿದ್ದು ಮರುವರ್ಷ. ಮರುಟಂಕದ ಕಾಲಾವಧಿಯ ನಟ್ಟನಡುವೆ ನಡೆದದ್ದು ಅದು. ಸ್ತಂಭ ಬರಿದಾಗಿದ್ದಾಗಲೂ ನಾಣ್ಯದ ಅಚ್ಚಿನಲ್ಲಿ ಅವಳು 1947ರ ಪಕ್ಕ ನೆಟ್ಟಗೇ ನಿಂತಿದ್ದಳು.

ಹುಡುಗನಿಗೆ ಹೇಳಿದ್ದು ಇಷ್ಟು. ಈ ನಾಣ್ಯ ಅಸಲಿ, ಕೊಳ್ಳಬಹುದು. ಆದರೆ ತೂಕಕ್ಕೆ ಕೊಳ್ಳು, ಮೇಲೆ ವ್ಯಾಪಾರಿಯ ಸಾಮಾನ್ಯ ಲಾಭ ಕೆಲವೇ ಶೇಕಡಾ ಕೊಡು. 1947 ಎಂಬ ಬರಹಕ್ಕೆ ದುಡ್ಡು ಕೊಡಬೇಡ. ಅದು 1947ರಲ್ಲೇ ಹುಟ್ಟಿದ್ದು ಎಂದು ಅಂಗಡಿಯವನೂ ತೋರಿಸಲಾರ, ನೀನು ನಾಳೆ ಮಾರುವಾಗ ಇನ್ನೊಬ್ಬನಿಗೂ ತೋರಿಸಲಾರೆ. ಇಸವಿಗೆಂದೇ ಹೆಚ್ಚು ಕೊಡುವ ಮನಸ್ಸಿದ್ದರೆ ಮರುಟಂಕ ಆಗದ ಇಸವಿ ನೋಡು: ಮೊದಲ ವರ್ಷದ 1921, ಕೊನೆಗೆ ನಿಂತ 1931, ಮುಖಬೆಲೆ ಇಲ್ಲದ 1943. 1921ರಲ್ಲಿ 1,80,000, 1931ರಲ್ಲಿ 1,37,000 ಟಂಕಿಸಿದ್ದು. ಅಲ್ಲಿ ಇಸವಿಯ ಮಾತಿಗೆ ಬೆಲೆಯಿದೆ.

“ಆದ್ರೂ ತಾತ ಹುಟ್ಟಿದ ವರ್ಷ ಅಲ್ವಾ ಚಿಕ್ಕಪ್ಪ,” ಎಂದ. ಅದು ಅವನ ಇಷ್ಟ, ಅದಕ್ಕೆ ನನ್ನ ತಕರಾರಿಲ್ಲ. ನೆನಪಿಗೆಂದು 1947ರ ನಾಣ್ಯ ಬೇಕಿದ್ದರೆ ಮರುಟಂಕವೂ ಅಷ್ಟೇ ಚೆನ್ನಾಗಿ ಆ ಕೆಲಸ ಮಾಡುತ್ತದೆ, ಅದೂ ಕಡಿಮೆ ಬೆಲೆಗೆ.

ಅವನು ಶೇ. 4ಕ್ಕೆ ಕೇಳಿ ನೋಡಿದ. ಅಂಗಡಿಯವನು ಒಪ್ಪಲಿಲ್ಲ. ಬದಲಿಗೆ ಗಾಜಿನ ಪೆಟ್ಟಿಗೆಯಿಂದ 1959ರ 20 ಪೆಸೊ ನಾಣ್ಯ ತೆಗೆದು, ಅಜ್‌ಟೆಕ್ ಪಂಚಾಂಗ ಶಿಲೆಯ ಚಿತ್ರ ತೋರಿಸಿ, “ಇದನ್ನ ಟಂಕಿಸಿದ್ದು ಹದಿಮೂರೇ ಸಾವಿರ” ಎಂದನಂತೆ. ಕ್ಯಾಟಲಾಗಿನಲ್ಲಿ ಅದೂ ಇದೆ. ಅದರ ಕೆಳಗೆ 1960ರಿಂದ 1971ರವರೆಗಿನ ಮರುಟಂಕದ ಲೆಕ್ಕವೂ ಇದೆ: 11,58,414. ಹುಡುಗ ಈ ಸಲ ಟಿಪ್ಪಣಿಯನ್ನು ತಾನೇ ಓದಿಕೊಂಡು, ಬೇರೆ ಅಂಗಡಿಯಲ್ಲಿ ತೂಕದ ಬೆಲೆಗೆ 1947ರದ್ದೇ ಒಂದು ಸೆಂಟೆನಾರಿಯೊ ಕೊಂಡ. ಅದು ಮಂಕು ಮೈಯದು.